ಬೊಹೀಮಿಯದ ರಾಜನ ಎರಡು ಮದುವೆ, ನಮ್ಮ ಗಿರಿಜೆಯ ಒಂದು

ತರೀಕೆರೆ, ಹೊರಡುವ ಮುನ್ನ

ಬೊಹೀಮಿಯಕ್ಕೆ ಹೋಗಿ ಬಂದೆ ಎಂದರೆ ತರೀಕೆರೆಯಲ್ಲಿ ಯಾರೂ ಅದು ಎಲ್ಲಿದೆ ಎಂದು ಕೇಳುವುದಿಲ್ಲ. "ಅಲ್ಲಿ ಊಟಕ್ಕೇನು ಮಾಡಿದ್ರಿ?" ಎಂದು ಕೇಳುತ್ತಾರೆ. ಊಟದ ಸಂಗತಿ ಮುಂದೆ ಬರುತ್ತದೆ, ಅದರಲ್ಲಿ ನನ್ನ ಮಾನ ಹೋದದ್ದೂ ಇದೆ. ನಾನು ಅಲ್ಲಿಗೆ ಹೋದದ್ದು ಏಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಮೂರು ತಲೆಮಾರಿನ ಬಳೆ ಅಂಗಡಿ. ನಾವು ಮಾರುವ ಗಾಜಿನ ಬಳೆಗಳಲ್ಲಿ ಅರ್ಧಕ್ಕರ್ಧ ಬೊಹೀಮಿಯದ ಬೆಟ್ಟದೂರುಗಳಲ್ಲಿ ತಯಾರಾಗಿ ಬೊಂಬಾಯಿಗೆ ಬಂದು ಅಲ್ಲಿಂದ ನಮಗೆ ಬರುತ್ತವೆ. ಬಣ್ಣ ಚೆನ್ನ, ಹೊಳಪು ಚೆನ್ನ, ಅಳತೆ ಮಾತ್ರ ದೇವರಿಗೇ ಪ್ರೀತಿ. ಒಂದು ಪೆಟ್ಟಿಗೆ ಮಕ್ಕಳ ಕೈಗೂ ಹತ್ತದು, ಇನ್ನೊಂದು ಪೆಟ್ಟಿಗೆ ಭುಜದವರೆಗೆ ಜಾರುತ್ತದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬೊಂಬಾಯಿಯ ಸಗಟು ವ್ಯಾಪಾರಿಗೆ ಜಗಳದ ಕಾಗದ ಬರೆದು ಬರೆದು ಸಾಕಾಗಿ, ಕೊನೆಗೆ ಆತನೇ ಸೋತು, "ನೀವೇ ಹೋಗಿ ಮೈಸೂರು ಸೀಮೆಯ ಹೆಂಗಸರ ಕೈ ಹೇಗಿರುತ್ತದೆ ಎಂದು ಅವರಿಗೆ ಕಲಿಸಿ ಬನ್ನಿ" ಎಂದು ಬರೆದ. ವ್ಯಂಗ್ಯಕ್ಕೆ ಬರೆದನೋ ಏನೋ. ನಾನು ಆಗಲಿ ಎಂದುಬಿಟ್ಟೆ.

ಆಗಲಿ ಎನ್ನಲು ಇನ್ನೊಂದು ಕಾರಣವಿತ್ತು. ಮನೆಯಲ್ಲಿ ನನ್ನ ತಂಗಿ ಗಿರಿಜೆಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಅವಳನ್ನು ಹನ್ನೊಂದು ವರ್ಷದ ಹಿಂದೆ ಬುಕ್ಕಾಂಬುಧಿಯ ಚನ್ನಬಸಪ್ಪನಿಗೆ ಕೊಟ್ಟಿದ್ದೆವು. ಹೊಲ, ತೆಂಗಿನ ತೋಟ ಇರುವ ಮನೆ. ಏಳು ವರ್ಷದ ಒಬ್ಬಳು ಮಗಳು, ಪಾರ್ವತಿ. ಗಂಡು ಮಗು ಆಗಲಿಲ್ಲ. ಆ ಮನೆಯಲ್ಲಿ ನಡೆಯುವುದು ಚನ್ನಬಸಪ್ಪನ ದೊಡ್ಡಪ್ಪ ರುದ್ರಪ್ಪನ ಮಾತು. ಕಳೆದ ಸುಗ್ಗಿಯಲ್ಲಿ ಅವರ ಕಣಕ್ಕೆ ಹೆಳವ ಬಂದ.

ಹೆಳವರನ್ನು ಕಾಣದ ಪೇಟೆಯ ಓದುಗರಿಗೆ ಒಂದು ಮಾತು. ಮೂರು ನಾಲ್ಕು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವ ಹೆಳವ, ಒಂದೊಂದು ಮನೆತನದ ಹಿರಿಯರ ಹೆಸರನ್ನು ಹತ್ತು ತಲೆಮಾರಿನವರೆಗೆ ಬಾಯಿಪಾಠ ಹೇಳುತ್ತಾನೆ. ಯಾರು ಎಲ್ಲಿಂದ ಬಂದರು, ಯಾರು ಯಾರಿಗೆ ಹುಟ್ಟಿದರು, ಯಾವ ಬೆಡಗು, ಎಲ್ಲ. ಬೆಡಗು ಎಂದರೆ ಒಂದೇ ಮೂಲದಿಂದ ಬಂದ ಮನೆಗಳ ಗುಂಪು. ಒಂದೇ ಬೆಡಗಿನ ಗಂಡು ಹೆಣ್ಣು ಅಣ್ಣ ತಂಗಿಯ ಲೆಕ್ಕ, ಅವರಲ್ಲಿ ಮದುವೆ ಕೂಡದು. ಅಮಲ್ದಾರರ ಕಚೇರಿಯ ಖಾತೆಯಲ್ಲಾದರೂ ತಪ್ಪಿರಬಹುದು, ಹೆಳವನ ಬಾಯಲ್ಲಿ ತಪ್ಪು ಬಾರದು ಎಂಬುದು ನಮ್ಮ ಕಡೆಯ ನಂಬಿಕೆ.

ಬಂದವನು ಹೆಳವರ ಮಾಯಪ್ಪ. ಅವನು ಆ ಮನೆಯ ವಂಶ ಹೇಳಿ ಮುಗಿಸಿದಾಗ ರುದ್ರಪ್ಪ, "ನಮ್ಮ ಸೊಸೆ ತವರಿಂದೂ ಒಂದೀಟು ಹೇಳಪ್ಪಾ" ಎಂದನಂತೆ. ಮಾಯಪ್ಪ ಹೇಳಿದ. ನಮ್ಮ ತಾತನ ತಾತ ನಮ್ಮ ಮನೆಯಲ್ಲಿ ಹುಟ್ಟಿದವನಲ್ಲ, ರುದ್ರಪ್ಪನವರ ಬೆಡಗಿನಿಂದ ನಮ್ಮ ಮನೆಗೆ ದತ್ತು ಬಂದವನು! ಅಂದಮೇಲೆ ಗಿರಿಜೆಯೂ ಚನ್ನಬಸಪ್ಪನೂ ರಕ್ತದಿಂದ ಒಂದೇ ಬೆಡಗು. "ಅಣ್ಣ ತಂಗಿ ಸಂಸಾರ ಮಾಡಿದ್ರೆ ಆ ಮನೇಲಿ ಗಂಡು ಹುಟ್ಟಾದು ಹೆಂಗೆ?" ಎಂದು ರುದ್ರಪ್ಪ ಊರಿಗೆಲ್ಲ ಸಾರಿದ. ಹದಿನೈದು ದಿನದಲ್ಲಿ ಗಿರಿಜೆಯನ್ನು ನಮ್ಮ ಮನೆಗೆ ತಂದು ಬಿಟ್ಟರು. ಮಗುವನ್ನು ಕಳಿಸಲಿಲ್ಲ. ಚನ್ನಬಸಪ್ಪನಿಗೆ ಹೊಸದುರ್ಗದ ಕಡೆ ಇನ್ನೊಂದು ಹೆಣ್ಣು ನೋಡಿದ್ದಾರೆ ಎಂಬ ಸುದ್ದಿಯೂ ಹಿಂದೆಯೇ ಬಂತು.

ನಾನೇನು ಮಾಡಿದೆ? ಬಳೆಯ ಅಳತೆ ಅರೆಬೆರಳು ತಪ್ಪಿದರೆ ಬೊಂಬಾಯಿಗೆ ಬೆಂಕಿ ಕಾರುವವನು, ತಂಗಿಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡೆ. "ಹೆಳವ ಹೇಳಿದ್ಮೇಲೆ ಮುಗೀತು ಕಣಮ್ಮ" ಎಂದೆ.

"ನಿಂಗೂ ಮುಗೀತಾ ಅಣ್ಣಾ?" ಎಂದಳು ಗಿರಿಜೆ. ಅಷ್ಟೇ. ಅಳಲೂ ಇಲ್ಲ.

ನಾನು ಹಿಂದಿರುಗಿದ ಮೇಲೆ ಶ್ರಾವಣದಲ್ಲಿ, ಬುಕ್ಕಾಂಬುಧಿಯ ಮಠದಲ್ಲಿ ಹಿರಿಯರು ಕೂತು ಅವಳ ಮದುವೆ ಮುರಿದು ಬಿಡುಗಡೆ ಮಾಡುವುದು ಎಂದು ಗೊತ್ತಾಗಿತ್ತು. ಅಣ್ಣನಾಗಿ ನಾನು "ಒಪ್ಪಿದೆ" ಎನ್ನಬೇಕು. ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಯುಗಾದಿ ಮುಗಿಸಿ ಅಜ್ಜಂಪುರದ ಮೇಲೆ ಬೊಂಬಾಯಿಯ ರೈಲು ಹಿಡಿದೆ.

ಹಡಗಿನಲ್ಲಿ

ಸಮುದ್ರದ ಬಗ್ಗೆ ಹೆಚ್ಚು ಬರೆಯಲಾರೆ, ನಾನು ಅದನ್ನು ನೋಡಿದ್ದೇ ಕಡಿಮೆ. ಮೊದಲ ಐದು ದಿನ ಕಂಡದ್ದು ಒಂದು ತಗಡಿನ ಬೋಗುಣಿ. ಆರನೆಯ ದಿನ ಮೇಲೆ ಬಂದು ಕಟಕಟೆಗೆ ಒರಗಿದಾಗ ಅಂಗಿಯ ಸಂದಿಯಿಂದ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಹೊರಗೆ ತೂಗಿತು. ಪಕ್ಕದಲ್ಲಿದ್ದ ಬಿಳಿಯ ದೊರೆ ಅದನ್ನು ಗಡಿಯಾರ ಎಂದುಕೊಂಡು ಗಂಟೆ ಎಷ್ಟು ಎಂದು ಕೇಳಿದ. ನಾನು ಮರ್ಯಾದೆಯಿಂದ ಸೂರ್ಯನನ್ನು ನೋಡಿ ಹನ್ನೊಂದು ಎಂದೆ. ಆತ ತನ್ನ ಗಡಿಯಾರ ತೆಗೆದು ನೋಡಿ, ಸರಿಯಾಗಿದೆ ಎಂದು ತಲೆದೂಗಿದ. ಅಲ್ಲಿಂದ ಇಳಿಯುವವರೆಗೂ ದಿನಾ ನನ್ನನ್ನೇ ಕೇಳುತ್ತಿದ್ದ.

ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ನನ್ನನ್ನು ಟ್ರಿಯೆಸ್ಟ್ ಬಂದರಿನವರೆಗೆ ಕಾಪಾಡಿದವು. ಅಲ್ಲಿಂದ ರೈಲಿನಲ್ಲಿ ಎರಡು ದಿನ.

ಗಬ್ಲೊಂಜ್

ಬಳೆಗಳ ಊರು ಇದು. ಕಾರ್ಖಾನೆಗಿಂತ ಮನೆಗಳಲ್ಲೇ ಕೆಲಸ ಹೆಚ್ಚು. ಮನೆಯ ಹಿಂದೆ ಒಲೆ, ಗಂಡ ಗಾಜಿನ ಕಡ್ಡಿ ಕಾಯಿಸಿ ಸುತ್ತುತ್ತಾನೆ, ಹೆಂಡತಿ ತುದಿ ಬೆಸೆದು ಡಜನ್ ಡಜನ್ ಕಟ್ಟುತ್ತಾಳೆ. ಪಚ್ಚೆ, ಕೆಂಪು, ಹಳದಿ ಬಳೆಗಳ ರಾಶಿ ಕಿಟಕಿಯವರೆಗೆ. ಆದರೆ ಆ ಹೆಂಗಸರ ಕೈ ನೋಡಿ ಬೆಚ್ಚಿದೆ. ಒಬ್ಬಳ ಕೈಯಲ್ಲೂ ಒಂದು ಬಳೆ ಇಲ್ಲ! ಬರಿಗೈ ಅಂದರೆ ನಮ್ಮಲ್ಲಿ ಏನರ್ಥವೋ ಅವರಿಗೆ ಗೊತ್ತಿಲ್ಲ, ಪಾಪ. ನಗುನಗುತ್ತ ಕೆಲಸ ಮಾಡುತ್ತಿದ್ದರು.

ಅಳತೆ ಹೇಳಿಕೊಡಬೇಕಲ್ಲ. ನಾನು ಅಂಗಡಿಯಲ್ಲಿ ಮಾಡುವಂತೆ ಎದುರಿಗಿದ್ದ ಹೆಂಗಸಿನ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಮೆತ್ತಗೆ ಅಮುಕಿ, ಬಳೆ ಏರಿಸತೊಡಗಿದೆ. ಹಿಂದೆ ಒಲೆಯ ಬಳಿ ಇದ್ದ ಗಂಡ ಎದ್ದು ನಿಂತ. ಮುಖ ಅವನ ಒಲೆಯಷ್ಟೇ ಕೆಂಪು. ಜೊತೆಗಿದ್ದ ದಲ್ಲಾಳಿ ನಡುವೆ ಬಂದು ಏನೇನೋ ಹೇಳಿ ಸಮಾಧಾನ ಮಾಡಿದ. ನಮ್ಮಲ್ಲಿ ಬಳೆ ಇಡುವವನ ಕೈಗೆ ಹೆಣ್ಣುಮಕ್ಕಳು ಕೈ ಕೊಡುವುದು ಅಣ್ಣನಿಗೆ ಕೊಟ್ಟಂತೆ ಎಂದು ವಿವರಿಸಿದೆ. ಆಮೇಲೆ ಆ ಗಂಡನೇ ತನ್ನ ತಾಯಿಯನ್ನು ಕರೆತಂದು, ಇವಳ ಕೈಗೂ ಇಡಿ ಎಂದ. ಎಪ್ಪತ್ತು ದಾಟಿದ ಅಜ್ಜಿ ಎರಡೂ ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಬೀದಿಗೆಲ್ಲ ತೋರಿಸಿ ಬಂದಳು.

ಅಳತೆಯ ಕೆಲಸ ನಾಲ್ಕು ವಾರದಲ್ಲಿ ಮುಗಿಯಿತು. ಹೊಸ ಅಚ್ಚುಗಳ ಕಾಗದಪತ್ರಕ್ಕೆ ಪ್ರಾಗ್ ಪಟ್ಟಣದಲ್ಲಿ ಒಂದು ವಾರ ಕಾಯಬೇಕಿತ್ತು. ದಲ್ಲಾಳಿ ಅಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಮುದುಕಿಯ ಮನೆಯಲ್ಲಿ ನನಗೆ ಬಿಡಾರ ಗೊತ್ತುಮಾಡಿದ.

ಪ್ರಾಗ್, ಮೊದಲ ದಿನ

ಆಕೆಯ ಹೆಸರು ಆನ್ನಾ. ನಾನು ಆನ್ನಮ್ಮ ಎಂದೇ ಕರೆದೆ, ಆಕೆಗೆ ಅದು ಹಿಡಿಸಿತು. ಎಳೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದವಳು. ಮದುವೆಯಿಲ್ಲ. ಸಣ್ಣ ಆಳು, ದೊಡ್ಡ ಕನ್ನಡಕ, ಬೆರಳ ತುದಿಯಲ್ಲಿ ಸದಾ ಶಾಯಿ.

ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದರಿಂದ ನನಗಾಗಿ ಹಿಟ್ಟಿನ ಉಂಡೆ ಬೇಯಿಸಿದ್ದಳು. ಹಬೆ ಆಡುತ್ತಿದೆ, ಮೇಲೆ ಬೆಣ್ಣೆ. ಕಂಡದ್ದೇ ನನ್ನ ಕಣ್ಣಲ್ಲಿ ನೀರು. ಅಯ್ಯೋ ಶಿವನೇ, ಮುದ್ದೆ! ರಾಗಿಯದಲ್ಲ, ಬಿಳಿಯದು, ನಿಂಬೆಹಣ್ಣಿನ ಗಾತ್ರದ್ದು, ಆದರೂ ಮುದ್ದೆ. ಎರಡು ತಿಂಗಳ ಹಸಿವು. ಮುದ್ದೆ ಉಣ್ಣುವ ರೀತಿ ನಮಗೆ ಯಾರೂ ಕಲಿಸಬೇಕಿಲ್ಲ. ಬೆಣ್ಣೆಯಲ್ಲಿ ಹೊರಳಿಸಿ ಒಂದನ್ನು ಹಾಗೇ ಬಾಯಿಗೆ ಹಾಕಿ, ಅಗಿಯದೆ, ನುಂಗಿದೆ.

ಅದರೊಳಗೆ ಬೀಜ ಸಮೇತ ಒಂದು ಇಡೀ ಹಣ್ಣು ಇತ್ತು. ನಮ್ಮ ಕಡೆ ಮುದ್ದೆಯೊಳಗೆ ಹಣ್ಣು ಬಚ್ಚಿಡುವಷ್ಟು ಕೆಟ್ಟ ಬುದ್ಧಿ ಯಾರಿಗಿದೆ ಹೇಳಿ? ಅದು ಗಂಟಲಲ್ಲಿ ಕೂತಿತು. ನಾನು ಎದ್ದು ನಿಂತೆ, ಕಣ್ಣು ಮೇಲಾಯಿತು. ಆನ್ನಮ್ಮ ಕುರ್ಚಿಯ ಮೇಲೆ ಹತ್ತಿ ನನ್ನ ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿದಳು. ಬೀಜ ಹೊರಬಿದ್ದು ಎದುರಿನ ಗೋಡೆಯ ಚಿತ್ರಪಟಕ್ಕೆ ಬಡಿಯಿತು.

"ನಿಮ್ಮ ದೇಶದಲ್ಲಿ ಜನ ಅಗಿಯುವುದೇ ಇಲ್ಲವೇ?" ಎಂದು ಕೇಳಿದಳು ಏದುಸಿರಿನಲ್ಲಿ.

"ಮುದ್ದೆ ಅಗಿಯುವವನನ್ನು ನಮ್ಮಲ್ಲಿ ನೋಡಿ ನಗುತ್ತಾರೆ" ಎಂದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ಗುದ್ದಿ ಬದುಕಿಸಿದವರ ಮೇಲೆ ಮುನಿಸು ಉಳಿಯುವುದಿಲ್ಲ, ನಾನೂ ನಕ್ಕೆ. ಅವತ್ತಿನಿಂದ ನಮಗೆ ಸ್ನೇಹವಾಯಿತು.

ಗುಡ್ಡದ ಮೇಲಿನ ದೊಡ್ಡ ಗುಡಿ

ಮೂರನೆಯ ದಿನ ಆನ್ನಮ್ಮ ನನ್ನನ್ನು ಅರಮನೆಯ ಗುಡ್ಡದ ಮೇಲಿನ ದೊಡ್ಡ ಇಗರ್ಜಿಗೆ ಕರೆದೊಯ್ದಳು. ಸುತ್ತ ಸಾರುವೆ ಕಟ್ಟಿ ಕಲ್ಲುಕುಟಿಗರು ಕೆಲಸ ಮಾಡುತ್ತಿದ್ದರು. ಕಟ್ಟಲು ಶುರುಮಾಡಿ ಐನೂರು ವರ್ಷಕ್ಕೂ ಮೇಲಾಯಿತಂತೆ, ಇನ್ನೂ ಮುಗಿದಿಲ್ಲ. ನಮ್ಮ ಪೇಟೆಬೀದಿಯ ಚರಂಡಿ ಮೂರು ವರ್ಷವಾದರೂ ಮುಗಿಯಲಿಲ್ಲ ಎಂದು ಓವರ್‌ಸಿಯರನ್ನು ಬೈದಿದ್ದಕ್ಕೆ ಅಲ್ಲೇ ಮನಸ್ಸಿನಲ್ಲಿ ಕ್ಷಮೆ ಕೇಳಿದೆ.

ಒಳಗೆ ಸುತ್ತಲೂ ಸಣ್ಣ ಸಣ್ಣ ಗುಡಿಗಳು. ಒಂದರಲ್ಲಿ ಕಲ್ಲಿನ ಪೆಟ್ಟಿಗೆಯ ಮೇಲೆ ಕಿರೀಟ ತೊಟ್ಟ ಗಂಡಸೊಬ್ಬ ಅಂಗಾತ ಮಲಗಿದ್ದಾನೆ, ಎಲ್ಲ ಕಲ್ಲಿನಲ್ಲೇ. ಒಳಗೆ ಅವನದೇ ಮೂಳೆಗಳು ಇವೆ ಎಂದಳು ಆನ್ನಮ್ಮ. ನನಗೆ ಅಷ್ಟು ಸಾಕಾಯಿತು. ನಮ್ಮ ಮಠಗಳಲ್ಲಿ ಸ್ವಾಮಿಗಳ ಗದ್ದುಗೆ ಹೀಗೆಯೇ ಅಲ್ಲವೇ? ಯಾರೋ ದೊಡ್ಡ ಶರಣರು ಎಂದು ನಿಶ್ಚಯಿಸಿ, ಜೇಬಿನ ವಿಭೂತಿ ತೆಗೆದು ಆ ಕಲ್ಲಿನ ಹಣೆಗೆ ಮೂರು ಬೆರಳು ಎಳೆದು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಕಾವಲಿನ ಮುದುಕ ಕೀಲಿಗೊಂಚಲು ಝಣಝಣಿಸುತ್ತ ಓಡಿಬಂದ. ಆನ್ನಮ್ಮ ಅವನಿಗೆ ಏನೋ ಹೇಳಿ, ತನ್ನ ಕರವಸ್ತ್ರದಿಂದ ರಾಜನ ಹಣೆ ಒರೆಸಿದಳು. ರಾಜ ಎಂದು ನನಗೆ ಗೊತ್ತಾದದ್ದು ಆಗಲೇ. ಬೊಹೀಮಿಯದ ಹಳೆಯ ರಾಜರಲ್ಲಿ ದೊಡ್ಡ ಹೆಸರಿನವನು, ಏಳುನೂರು ವರ್ಷದ ಹಿಂದಿನವನು. ಆ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಅದಕ್ಕೇ ಬರೀ ರಾಜ ಎಂದು ಬರೆಯುತ್ತೇನೆ.

"ಪಕ್ಕದಲ್ಲಿ ರಾಣಿ ಯಾಕಿಲ್ಲ?" ಎಂದು ಕೇಳಿದೆ.

ಆನ್ನಮ್ಮ ನನ್ನನ್ನೇ ನೋಡಿ, "ಯಾವ ರಾಣಿ?" ಎಂದಳು. "ಮನೆಗೆ ನಡೆಯಿರಿ, ನನ್ನ ಮೇಜಿನ ಮೇಲೆ ಇಬ್ಬರೂ ಇದ್ದಾರೆ."

ಆನ್ನಮ್ಮನ ಮೇಜು

ಆಕೆಯ ಕಸುಬು ಏನೆಂದು ಅಂದೇ ತಿಳಿಯಿತು. ದೊಡ್ಡ ದೊಡ್ಡ ಮನೆತನದವರು ತಮ್ಮ ವಂಶಾವಳಿ ಬರೆಸಿಕೊಳ್ಳಲು ಆಕೆಯ ಬಳಿ ಬರುತ್ತಾರೆ. ಆಕೆ ಹಳೆಯ ಕಾಗದ ಹುಡುಕಿ, ಮೂಲಪುರುಷನನ್ನು ಬುಡದಲ್ಲಿಟ್ಟು, ಮಕ್ಕಳು ಮೊಮ್ಮಕ್ಕಳನ್ನು ಕೊಂಬೆಗಳಾಗಿ ಬಿಡಿಸಿ ಬಣ್ಣ ತುಂಬುತ್ತಾಳೆ. "ಓಹೋ, ನೀವು ಹೆಳವರು!" ಎಂದು ಕೂಗಿದೆ. ಹೆಳವರ ವಿಷಯವೆಲ್ಲ ಹೇಳಿದೆ. ಎತ್ತು, ಗಂಟೆ, ಬಾಯಿಪಾಠ ಎಂದಾಗ ಆಕೆಗೆ ತುಂಬ ಹೊಟ್ಟೆಕಿಚ್ಚಾಯಿತು. "ನನಗೂ ಒಂದು ಎತ್ತು ಇದ್ದಿದ್ದರೆ" ಎಂದಳು.

ಆಮೇಲೆ ರಾಜನ ಹಾಳೆ ತೆಗೆದು ಬಿಚ್ಚಿದಳು.

ಮೊದಲ ರಾಣಿ ಮೈಸನ್ ಎಂಬ ಜರ್ಮನ್ ಸೀಮೆಯ ದೊರೆಯ ಮಗಳು. ಇಪ್ಪತ್ತು ವರ್ಷದ ಸಂಸಾರ, ನಾಲ್ಕು ಮಕ್ಕಳು, ಅದರಲ್ಲಿ ಒಬ್ಬ ಗಂಡು. ನಡುವೆ ರಾಜ್ಯ ಕೈತಪ್ಪಿ ಗಂಡ ಊರೂರು ಅಲೆಯುವಾಗ ಅವಳನ್ನೂ ಮಕ್ಕಳನ್ನೂ ಸಾಕಿದ್ದು ಅವಳ ತವರು. ಆಮೇಲೆ ಕಾಲ ತಿರುಗಿತು, ತಲೆಯ ಮೇಲೆ ಕಿರೀಟ ಬಂತು. ಕಿರೀಟಕ್ಕೆ ತಕ್ಕ ನಂಟಸ್ತನ ಬೇಡವೇ? ಹಂಗೇರಿಯ ರಾಜನ ಮಗಳು ಕಣ್ಣಿಗೆ ಬಿದ್ದಳು.

"ಹಾಗಾದರೆ ಹಳಬಳನ್ನು ಏನು ಮಾಡಿದ?" ಎಂದೆ.

"ವಂಶಾವಳಿ ತೆಗೆಸಿದ" ಎಂದಳು ಆನ್ನಮ್ಮ. "ಮೇಲೆ ಎಲ್ಲೋ ಇಬ್ಬರಿಗೂ ಒಬ್ಬನೇ ಹಿರಿಯ ಸಿಕ್ಕಿದ. ಆಗಿನ ಧರ್ಮದ ಕಟ್ಟಳೆಯಲ್ಲಿ ಏಳು ತಲೆಮಾರಿನೊಳಗೆ ರಕ್ತದ ನಂಟಿದ್ದರೆ ಅದು ಮದುವೆಯೇ ಅಲ್ಲ. ಇಲ್ಲಿಯ ಬಿಷಪ್ಪನೇ ಬಿಡುಗಡೆ ಬರೆದುಕೊಟ್ಟ."

"ಇಪ್ಪತ್ತು ವರ್ಷ ಆ ಹಿರಿಯ ಎಲ್ಲಿ ಹೋಗಿದ್ದ?" ನಾನು ಮೇಜು ಗುದ್ದಿದೆ, ಶಾಯಿಕುಡಿಕೆ ಹಾರಿತು. "ಮದುವೆಯ ದಿನ ಯಾಕೆ ಸಿಗಲಿಲ್ಲ?"

"ರಾಣಿಯೂ ರೋಮಿನ ದೊಡ್ಡ ಗುರುವಿನ ಮುಂದೆ ದೂರು ಒಯ್ದಳು. ಹತ್ತು ವರ್ಷಕ್ಕೂ ಮೇಲೆ ವಿಚಾರಣೆ ನಡೆಯಿತು. ನಡುವೆ ದೊಡ್ಡ ಮಗಳನ್ನು ಡೆನ್ಮಾರ್ಕಿನ ರಾಜನಿಗೆ ಕೊಡುವ ಹೊತ್ತಿಗೆ ಗಂಡ ಇವಳನ್ನು ಕರೆಸಿಕೊಂಡ. ಅದಾದ ಮೇಲೆ ಮತ್ತೆ ಕಳಿಸಿದ."

"ಧಾರೆ ಎರೆಯುವಾಗ ಪಕ್ಕದಲ್ಲಿ ಹೆಂಡತಿ ಬೇಕಲ್ಲ" ಎಂದೆ. ನಮ್ಮಲ್ಲೂ ಇಂಥ ಗಂಡಸರನ್ನು ಕಂಡಿದ್ದೇನೆ.

"ತೀರ್ಪು ಬರುವ ಮೊದಲೇ ರಾಣಿ ತವರಿನಲ್ಲಿ ಸತ್ತಳು. ಅವಳ ಮಗನಿಗೆ ಪಟ್ಟವೂ ಸಿಗಲಿಲ್ಲ. ಅವಳು ಸತ್ತ ಕೆಲವೇ ವರ್ಷಕ್ಕೆ ರೋಮಿನಲ್ಲಿ ದೊಡ್ಡ ಸಭೆ ಕೂತು, ಇನ್ನು ಏಳು ತಲೆಮಾರು ಬೇಡ, ನಾಲ್ಕು ಸಾಕು ಎಂದು ಕಟ್ಟಳೆ ಬದಲಾಯಿಸಿತು."

ಏಳು ಹೋಗಿ ನಾಲ್ಕಾದರೆ, ನಿನ್ನೆ ಪಾಪವಾಗಿದ್ದ ಎಷ್ಟು ಸಂಸಾರ ಬೆಳಗಾಗುವಷ್ಟರಲ್ಲಿ ಧರ್ಮವಾಯಿತು! ಆ ರಾಜನ ಹಣೆಗೆ ನಾನು ವಿಭೂತಿ ಬೇರೆ ಹಚ್ಚಿದ್ದೆ.

ಆನ್ನಮ್ಮ ವಿಷಯ ಬದಲಿಸಲೆಂದೋ ಏನೋ, "ನಿಮ್ಮ ಹೆಂಡತಿ ಯಾವ ಊರಿನವರು?" ಎಂದು ಕೇಳಿದಳು.

"ನನ್ನ ಸೋದರಮಾವನ ಮಗಳು."

ಆಕೆಯ ಕೈಯ ಲೇಖನಿ ನಿಂತಿತು. "ನಿಮ್ಮ ತಾಯಿಯ ಒಡಹುಟ್ಟಿದವನ ಮಗಳೇ? ದೇವರೇ! ಆ ರಾಜನ ಲೆಕ್ಕದಲ್ಲಿ ನಿಮ್ಮನ್ನು ಏಳು ಸಲ ಬಿಡುಗಡೆ ಮಾಡಬೇಕು."

"ಬಿಟ್ಟು ನೋಡಲಿ! ಮಾವನ ಮಗಳಿರುವಾಗ ಬೇರೆ ಕಡೆ ಹೆಣ್ಣು ತಂದಿದ್ದರೆ ನಮ್ಮ ಮಾವ ದೊಣ್ಣೆ ಹಿಡಿದು ಬರುತ್ತಿದ್ದ" ಎಂದೆ. ಹೇಳಿದ ಮೇಲೆ ನನ್ನ ಮಾತೇ ನನಗೆ ತಟ್ಟಿತು. ಇಲ್ಲಿ ನನ್ನ ಸಂಸಾರ ಪಾಪ. ಅಲ್ಲಿ ಈ ರಾಜ ರಾಣಿಯರ ದೂರದ ನಂಟನ್ನು ಕಂಡರೆ, ಗುರುತಿನ ಮನೆಯಲ್ಲೇ ಸಂಬಂಧ ಮಾಡಿದಿರಿ ಎಂದು ನಮ್ಮ ಹಿರಿಯರು ಬೆನ್ನು ತಟ್ಟುತ್ತಿದ್ದರು.

ಆಗ ತಡೆಯಲಾರದೆ ಗಿರಿಜೆಯ ಕತೆಯೆಲ್ಲ ಹೇಳಿಬಿಟ್ಟೆ. ಹೆಳವ, ದತ್ತು ಬಂದ ತಾತ, ಮಗು, ಹೊಸದುರ್ಗದ ಹೆಣ್ಣು, ಶ್ರಾವಣದ ಸಭೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಇನ್ನೊಂದು ಹಾಳೆ ಬಿಚ್ಚಿದಳು.

"ಇದು ಯಾರೂ ಬರೆಸಿದ್ದಲ್ಲ, ನನ್ನ ಖುಷಿಗೆ ನಾನೇ ಬರೆದದ್ದು. ಎರಡನೆಯ ರಾಣಿಯ ವಂಶ. ಇಲ್ಲಿ ಬುಡಕ್ಕೆ ಬನ್ನಿ. ಇವನು ಪೋಲೆಂಡಿನ ಒಬ್ಬ ಹಳೆಯ ರಾಜ. ಅವನ ಮಗನ ಕಡೆಯಿಂದ ಇಳಿದರೆ ನಮ್ಮ ರಾಜ ಸಿಗುತ್ತಾನೆ, ಐದನೆಯ ತಲೆ. ಮಗಳ ಕಡೆಯಿಂದ ಇಳಿದರೆ ಹಂಗೇರಿಯ ರಾಣಿ, ಏಳನೆಯ ತಲೆ."

ಬೆರಳಿಟ್ಟು ಎಣಿಸಿದೆ. ಎರಡು ಸಲ ಎಣಿಸಿದೆ. "ಹಾಗಾದರೆ ಇವಳೂ ಕೂಡದವಳೇ!"

"ಕೇಳಿದವರು ಯಾರು?" ಎಂದಳು ಆನ್ನಮ್ಮ. "ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ವಂಶಾವಳಿ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದವರಿಗೆ ಕೇಳಿದಷ್ಟನ್ನೇ ಹೇಳುತ್ತದೆ." ಕನ್ನಡಕ ತೆಗೆದು ಒರೆಸುತ್ತ ಕೇಳಿದಳು, "ಇರಲಿ, ನಿಮ್ಮ ತಂಗಿ ಏನು ಹೇಳುತ್ತಾಳೆ?"

ನನಗೆ ಗೊತ್ತಿದ್ದರೆ ತಾನೇ? ರುದ್ರಪ್ಪನನ್ನು ಕೇಳಿದ್ದೆ, ಹೆಳವನನ್ನು ಕೇಳಿದ್ದೆ, ಮಠದ ಅಯ್ಯನವರನ್ನು ಕೇಳಿದ್ದೆ. ಅವಳನ್ನು ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ರಾಣಿಯ ಮಾತನ್ನು ದೂರದ ರೋಮಿನವರಾದರೂ ಕೇಳಿ ಬರೆದಿಟ್ಟಿದ್ದಾರೆ, ನಮ್ಮ ಮನೆಯೊಳಗಿನ ಹೆಣ್ಣಿಗೆ ಅಷ್ಟೂ ಆಗಲಿಲ್ಲ.

ಮತ್ತೆ ತರೀಕೆರೆ

ಬರುವಾಗ ಮಳೆಗಾಲದ ಸಮುದ್ರ, ಹೋಗುವಾಗಿನದಕ್ಕಿಂತ ಕಷ್ಟ. ಆದರೂ ಬೋಗುಣಿ ಮುಂದಿಟ್ಟುಕೊಂಡೇ ದಾರಿಯುದ್ದಕ್ಕೂ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಉರು ಹೊಡೆದೆ. ರಾಜ, ಇಬ್ಬರು ರಾಣಿಯರು, ಏಳು ನಾಲ್ಕಾದದ್ದು, ಎಲ್ಲ ಜೋಡಿಸಿಟ್ಟೆ.

ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಗಿರಿಜೆಯನ್ನು ಕರೆದು ಕೇಳಿದೆ. "ನಿನ್ನ ಮನಸ್ಸಲ್ಲೇನೈತೆ ಹೇಳಮ್ಮ. ನೀನು ಹೋಗ್ತೀಯೋ, ಇಲ್ಲೇ ಇರ್ತೀಯೋ? ನೀನು ಹೆಂಗಂದ್ರೆ ಹಂಗೆ."

"ಆರು ತಿಂಗಳಾದ್ಮೇಲೆ ಕೇಳ್ತಿದೀಯಲ್ಲೋ! ಇದನ್ನ ಕೇಳಾಕೆ ಸಮುದ್ರ ದಾಟಿ ಹೋಗ್ಬೇಕಾಗಿತ್ತಾ ನೀನು?" ಎಂದಳು. ಬೈಗುಳವೇ, ಆದರೆ ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಜೀವ ಕೇಳಿಸಿತು. "ನನ್ನ ಮಗಳು ಅಲ್ಲವಳೆ, ನನ್ನ ಮನೆ ಅಲ್ಲೈತೆ. ಆದ್ರೆ ಯಾರೋ ಅಟ್ಟಿದ್ರೆ ಹೋಗಾಕೆ ನಾನೇನು ದನವಾ? ಕರೆಯೋರು ಕರೀಬೇಕು. ಸಭೆಗೆ ನಾನೂ ಬತ್ತೀನಿ."

"ಹೆಂಗಸ್ರು ಸಭೆಗೆ..." ಎಂದು ಶುರುಮಾಡಿದ್ದೆ. ಅವಳು ನೋಡಿದ ನೋಟಕ್ಕೆ ಅಷ್ಟಕ್ಕೇ ನಿಲ್ಲಿಸಿದೆ.

ಬುಕ್ಕಾಂಬುಧಿ

ಮಠದ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹಿರಿಯರು, ನಡುವೆ ಅಯ್ಯನವರು. ರುದ್ರಪ್ಪ ಸಾಕ್ಷಿಗೆಂದು ಹೆಳವರ ಮಾಯಪ್ಪನನ್ನು ಕರೆಸಿ ಕೂರಿಸಿದ್ದ. ಮೂಲೆಯಲ್ಲಿ ಚನ್ನಬಸಪ್ಪ ನೆಲ ನೋಡುತ್ತ ಕೂತಿದ್ದ, ಸೊರಗಿದ್ದ. ಗಿರಿಜೆ ಹೆಂಗಸರ ಜೊತೆ ಕಂಬದ ಹಿಂದೆ ನಿಂತಳು.

"ಹೇಳಪ್ಪಾ, ಒಪ್ಪಿಗೆ ತಾನೇ?" ಎಂದರು ಅಯ್ಯನವರು.

ನಾನು ರಾಜನ ಕತೆ ಶುರುಮಾಡಿದೆ. ಹಡಗಿನಲ್ಲಿ ಅಷ್ಟು ಚೆನ್ನಾಗಿ ಬರುತ್ತಿದ್ದದ್ದು ಇಲ್ಲಿ ಯಾಕೋ ಗೋಜಲಾಯಿತು. ಒಬ್ಬ ಹಿರಿಯರು ಕಿವಿಗೆ ಕೈ ಹಿಡಿದು, "ಆ ರಾಜಂದು ಯಾವ ಬೆಡಗಪ್ಪಾ?" ಎಂದು ಕೇಳಿದರು. ಇನ್ನೊಬ್ಬರು ಆಕಳಿಸಿದರು. "ಹಡಗು ಹತ್ತಿ ಬಂದೋನು ಕತೆ ಹೊಡೀತಾವ್ನೆ. ಒಪ್ಪಿಗೆ ಐತೋ ಇಲ್ವೋ ಹೇಳಲಿ" ಎಂದ ರುದ್ರಪ್ಪ.

ನನ್ನ ಕೋಪ ನೆತ್ತಿಗೇರಿತು. ಕತೆ ಬಿಟ್ಟು ಹೆಳವನ ಕಡೆ ತಿರುಗಿದೆ. "ಮಾಯಪ್ಪಾ, ನೀನು ನಮ್ಮ ಮನೇದು ಹೇಳಿದ್ದು ನಿಜ, ಅಲ್ಲಗಳೆಯಲ್ಲ. ರುದ್ರಪ್ಪಾರು ಹೊಸದುರ್ಗದ ಕಡೆ ಹೆಣ್ಣು ನೋಡವ್ರಲ್ಲ, ಆ ಮನೇದೂ ಹಂಗೇ ಮೇಲಕ್ಕೆ ಹೇಳು. ಇಲ್ಲಿ ಕೂತಿರೋ ಹಿರಿಯರ ಮನೆಗಳ್ದೂ ಹೇಳು."

ಮಾಯಪ್ಪ ಎಲೆಯಡಿಕೆ ಬದಿಗೆ ಸರಿಸಿದ. "ಕೇಳಿದ್ರೆ ಹೇಳ್ತೀನಿ ಸ್ವಾಮಿ, ಕೇಳ್ದೆ ಹೇಳಾಕಿಲ್ಲ, ಅದು ನಮ್ಮ ಧರ್ಮ. ಆ ಮನೇಲೂ ದತ್ತು ಐತೆ, ಈ ಮನೇಲೂ ಐತೆ. ಮಕ್ಕಳಿಲ್ದ ಮನೆಗೆ ಮಕ್ಕಳು ಕೊಟ್ಟೂ ತಂದೂ ಬಾಳಿದ ಜನ ನಾವು. ಅದನ್ನೆಲ್ಲ ಕೆದಕ್ಕೊಂಡು ಮೇಲಕ್ಕೆ ಹೋದ್ರೆ, ಈ ಮಠದಾಗೆ ಕಂಬ ಬಿಟ್ಟು ಇನ್ಯಾರ ಮದ್ವೆನೂ ನಿಲ್ಲಾಕಿಲ್ಲ. ಎಲ್ಲಿಂದ ಸುರು ಮಾಡ್ಲಿ? ಮೊದ್ಲು ರುದ್ರಪ್ಪಾರದೇ ಹೇಳ್ಬಿಡ್ತೀನಿ. ರುದ್ರಪ್ಪಾರೇ, ನಿಮ್ಮ ಮನೆಯಮ್ಮಾರ ತಾತ ಇದ್ರಲ್ಲ, ಅವ್ರು ಹುಟ್ಟಿದ್ದು..."

"ಸಾಕು ಬಿಡೋ ಮಾರಾಯ!" ಎಂದು ರುದ್ರಪ್ಪ ಅರಚಿದ. ಕಂಬದ ಹಿಂದೆ ಹೆಂಗಸರು ಕಿಸಕ್ಕೆಂದರು. ಆಕಳಿಸಿದ್ದ ಹಿರಿಯರು ನೆಟ್ಟಗೆ ಕೂತರು.

ಅಯ್ಯನವರು ಗಂಟಲು ಸರಿಮಾಡಿಕೊಂಡು, "ದತ್ತು ಹೋದ ಮಗ ಹೋದ ಮನೆಯವನೇ ಆಗುತ್ತಾನೆ, ಆ ಮನೆಯ ಬೆಡಗೇ ಅವನ ಬೆಡಗು" ಎಂದರು.

"ಅದೆಲ್ಲ ಸರಿ ಬುದ್ಧಿ, ರಕ್ತ ರಕ್ತಾನೇ ಅಲ್ವಾ?" ರುದ್ರಪ್ಪ ಬಿಡಲೊಲ್ಲ. ಸಭೆ ಮತ್ತೆ ಗುಜುಗುಜು ಎಂದಿತು. ಈಗ ನೋಡಿ ಎಂದು ನಾನು ಪಂಚೆ ಬಿಗಿಮಾಡಿಕೊಂಡು, ರಾಣಿಯ ಸಾವಿನ ಭಾಗ ಹೇಳಲು ಎದ್ದೆ.

"ಅಣ್ಣಾ, ನೀನು ಕೂತ್ಕ."

ಗಿರಿಜೆ ಕಂಬ ಬಿಟ್ಟು ಮುಂದೆ ಬಂದಿದ್ದಳು. ಸೆರಗು ಸರಿಮಾಡಿಕೊಂಡು ಅಯ್ಯನವರಿಗೆ ಕೈಮುಗಿದಳು. ಆಮೇಲೆ ಮೂಲೆಯಲ್ಲಿದ್ದ ಗಂಡನ ಎದುರಿಗೆ ಹೋಗಿ ನಿಂತಳು.

"ರೀ, ಇಲ್ನೋಡಿ. ಹೆಳವ್ರು ಹೇಳಿದ್ದು ಬಿಡಿ, ದೊಡ್ಡಪ್ಪಾರು ಹೇಳಿದ್ದು ಬಿಡಿ, ನಮ್ಮಣ್ಣನ ರಾಜನ ಕತೆನೂ ಬಿಡಿ. ಹನ್ನೊಂದು ವರ್ಷ ನಿಮ್ಮ ಜೊತೆ ಬಾಳಿದೀನಿ. ನೀವೇ ಹೇಳಿ, ನಾನು ನಿಮ್ಗೆ ತಂಗಿನಾ?"

ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಚನ್ನಬಸಪ್ಪ ತಲೆಯೆತ್ತಿ ಅವಳನ್ನು ನೋಡಿದ. ತುಟಿಯೊಳಗೇ ಏನೋ ಅಂದ.

"ಜೋರಾಗೇಳಿ. ಎಲ್ರಿಗೂ ಕೇಳ್ಲಿ" ಎಂದಳು.

"ಅಲ್ಲ ಕಣೇ." ಅವನು ಎದ್ದು ನಿಂತ. "ಅಲ್ಲ ಅಂತ ಅವತ್ತೇ ಅನ್ಬೇಕಾಗಿತ್ತು, ನಂಗೆ ಬಾಯಿ ಬರ್ಲಿಲ್ಲ. ನಡಿ, ಮನೆಗೆ ಹೋಗಾನ. ಮಗು ಕಾಯ್ತೈತೆ."

ಅಯ್ಯನವರ ಅಪ್ಪಣೆಗೂ ಕಾಯದೆ, ರುದ್ರಪ್ಪನ ಕಡೆ ನೋಡದೆ ಅವನು ಹೊರಟ. ಗಿರಿಜೆ ಅವನ ಹಿಂದೆ ಮಠದ ಮೆಟ್ಟಿಲು ಇಳಿದಳು. ನನಗೆ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ಮದುವೆಯ ದಿನ ಅವಳು ಹೋಗುವಾಗ ನಾನು ಅತ್ತಿರಲಿಲ್ಲ, ಈಗ ಅಷ್ಟು ಜನರ ಮುಂದೆ ಅತ್ತೆ.